ಒಂದೇ ತಂತಿ, ಇಬ್ಬರು ಯಜಮಾನರು

ಫೋನಿನ ದರ ಏರಿದರೆ ನಾವು ಬೈಯುವುದು ಕಂಪನಿಯನ್ನು, ಇಲ್ಲವೇ ದೆಹಲಿಯನ್ನು. ವಿಧಾನಸೌಧವನ್ನು ಯಾರೂ ಬೈಯುವುದಿಲ್ಲ. ಅದು ಸರಿಯೇ. ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ, 31ನೆಯ ನಮೂದಿನಡಿ, ಅಂಚೆ, ತಂತಿ, ದೂರವಾಣಿ, ನಿಸ್ತಂತು ಎಲ್ಲವೂ ಕೇಂದ್ರದ ಪಾಲಿಗೆ ಹೋಗಿವೆ. ವಿದ್ಯುತ್ತಿನ ಮಾತು ಬೇರೆ. ಅದು ಸಮವರ್ತಿ ಪಟ್ಟಿಯಲ್ಲಿದೆ. ನಮ್ಮ ಮನೆಯ ಯೂನಿಟ್ ದರ ಗೊತ್ತುಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ. ಆದರೆ ಅಮೆರಿಕದಲ್ಲಿ ಕರೆಂಟಿನ ದರ ನೋಡಿಕೊಳ್ಳುವ ರಾಜ್ಯದ ಆಯೋಗಗಳೇ ಟೆಲಿಫೋನನ್ನೂ ನೋಡಿಕೊಳ್ಳುತ್ತ ಬಂದವು. ಜೊತೆಗೆ ವಾಷಿಂಗ್ಟನ್ನಿನಲ್ಲಿ ಇನ್ನೊಂದು ಆಯೋಗ. ಈ ವಿಷಯ ಹೇಳಹೊರಟಾಗಲೆಲ್ಲ ನಮ್ಮ ಕೇಳುಗರು ಮುಗ್ಗರಿಸುವುದು ಇಲ್ಲೇ: 'ಎರಡಿದ್ದರೆ ದೊಡ್ಡದರ ಮಾತೇ ಅಂತಿಮ ಅಲ್ಲವೇ?' ಅಲ್ಲ. ಯಾಕೆ ಅಲ್ಲ ಎಂಬುದೇ ಈ ಅಧ್ಯಾಯ.

ಮೊದಲು ಚರಿತ್ರೆಯನ್ನು ಬೇಗ ಮುಗಿಸೋಣ. ವಿಸ್ಕಾನ್ಸಿನ್ ರಾಜ್ಯ 1907ರಲ್ಲೇ ಟೆಲಿಫೋನ್ ಕಂಪನಿಗಳನ್ನು ತನ್ನ ಆಯೋಗದ ಕೆಳಗೆ ತಂದಿತು. ಉಳಿದ ರಾಜ್ಯಗಳು ಒಂದೊಂದಾಗಿ ಅದೇ ಹಾದಿ ಹಿಡಿದವು. ಗಡಿ ದಾಟುವ ಕರೆಗಳನ್ನು 1910ರಲ್ಲಿ ರೈಲ್ವೆ ದರ ನೋಡಿಕೊಳ್ಳುತ್ತಿದ್ದ ಒಕ್ಕೂಟದ ಆಯೋಗಕ್ಕೆ ವಹಿಸಲಾಯಿತು. ಆಮೇಲೆ 1934ರ ಸಂವಹನ ಕಾಯ್ದೆ ಬಂತು, ಒಕ್ಕೂಟದ ಸಂವಹನ ಆಯೋಗವಾದ ಎಫ್‌ಸಿಸಿ ಹುಟ್ಟಿತು. ಆ ಕಾಯ್ದೆಯ 2(ಬಿ) ಕಲಮಿನ ತಾತ್ಪರ್ಯ ಇಷ್ಟು: ಒಂದು ರಾಜ್ಯದೊಳಗೇ ಹುಟ್ಟಿ ಅಲ್ಲೇ ಮುಗಿಯುವ ಸೇವೆಯ ದರ, ಸಲಕರಣೆ, ನಿಯಮ ಇವುಗಳಿಗೆ ಎಫ್‌ಸಿಸಿ ಕೈಹಾಕುವಂತಿಲ್ಲ. ಗಡಿ ದಾಟಿದ್ದು ಒಕ್ಕೂಟಕ್ಕೆ, ದಾಟದ್ದು ರಾಜ್ಯಕ್ಕೆ. ವ್ಯಾಖ್ಯೆ ಸುಲಭವಾಗಿದೆ. ತೊಡಕೆಲ್ಲ ಇರುವುದು ತಂತಿಯಲ್ಲಿ.

ಷಿಕಾಗೋದ ಒಂದು ಮನೆಗೆ ಬಂದಿರುವ ತಾಮ್ರದ ಜೋಡಿ ತಂತಿ ಒಂದೇ. ಪಕ್ಕದ ಬೀದಿಯ ಅಂಗಡಿಗೆ ಫೋನು ಮಾಡಿದರೂ ಅದೇ ತಂತಿ, ನ್ಯೂಯಾರ್ಕಿನ ಮಗಳಿಗೆ ಮಾಡಿದರೂ ಅದೇ ತಂತಿ. ಕಂಬ, ತಂತಿ, ವಿನಿಮಯ ಕೇಂದ್ರ ಇವುಗಳ ಖರ್ಚನ್ನು ಯಾವ ಲೆಕ್ಕಕ್ಕೆ ಬರೆಯಬೇಕು? ಎಲ್ಲವನ್ನೂ ರಾಜ್ಯದ ಲೆಕ್ಕಕ್ಕೆ ಬರೆದರೆ ದೂರದ ಕರೆಗಳಿಗೆ ಅದು ಪುಕ್ಕಟೆ ಸಿಕ್ಕಂತಾಗುತ್ತದೆ, ಅಲ್ಲೇ ಮಾತಾಡುವ ಬಡವನ ಬಿಲ್ಲು ಏರುತ್ತದೆ. ಸ್ಮಿತ್ ವಿರುದ್ಧ ಇಲಿನಾಯ್ ಬೆಲ್ ಮೊಕದ್ದಮೆಯಲ್ಲಿ 1930ರಲ್ಲಿ ಸುಪ್ರೀಂ ಕೋರ್ಟು ಈ ಗಂಟನ್ನು ಕೈಗೆತ್ತಿಕೊಂಡಿತು. ಎರಡೂ ಬಗೆಯ ಕರೆಗೆ ಬಳಕೆಯಾಗುವ ಆಸ್ತಿಯ ಖರ್ಚನ್ನು ಎರಡು ಲೆಕ್ಕಕ್ಕೂ ಹಂಚಲೇಬೇಕು. ಹಂಚದೆ ರಾಜ್ಯದ ದರ ನ್ಯಾಯವೋ ಅನ್ಯಾಯವೋ ಹೇಳಲಾಗದು ಎಂದಿತು. ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್. ಇದೇ ಹ್ಯೂಸ್ 1907ರಲ್ಲಿ ನ್ಯೂಯಾರ್ಕಿನ ಗವರ್ನರ್ ಆಗಿ ಆ ರಾಜ್ಯದ ಸಾರ್ವಜನಿಕ ಸೇವಾ ಆಯೋಗವನ್ನು ಕಟ್ಟಿದವರು. ಆಯೋಗ ಕಟ್ಟಿದ ಕೈಯೇ ಅದಕ್ಕೆ ಲೆಕ್ಕದ ಪಾಠ ಹೇಳಿತು ಎಂಬುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ.

ಹಂಚಬೇಕು ಸರಿ, ಎಷ್ಟೆಷ್ಟು? ಇದಕ್ಕೆ ಪ್ರಕೃತಿಯಲ್ಲಿ ಉತ್ತರವಿಲ್ಲ. ಮಾತಾಡಲಿ ಬಿಡಲಿ, ತಂತಿಯ ಖರ್ಚು ಅಷ್ಟೇ. ಆದ್ದರಿಂದ ಈ ಪಾಲು ರಾಜಕೀಯದ ಚೌಕಾಸಿಯಾಯಿತು. ಯುದ್ಧಾನಂತರದ ದಶಕಗಳಲ್ಲಿ ದೂರದ ಕರೆಯ ಲೆಕ್ಕಕ್ಕೆ ಹೆಚ್ಚು ಹೆಚ್ಚು ಖರ್ಚು ಸರಿಸಿ, ಮನೆಯ ಫೋನಿನ ತಿಂಗಳ ಬಾಡಿಗೆಯನ್ನು ರಾಜ್ಯಗಳು ಅಗ್ಗವಾಗಿ ಇಟ್ಟುಕೊಂಡವು. ಎಟಿ ಅಂಡ್ ಟಿ ಎಂಬ ಏಕಸ್ವಾಮ್ಯ 1984ರ ಜನವರಿ 1ರಂದು ಒಡೆದು ಹೋದಾಗ ಈ ಏರ್ಪಾಟೂ ಸಡಿಲವಾಯಿತು. ಕೊನೆಗೆ ಮನೆಯ ತಂತಿಯ ಖರ್ಚಿನಲ್ಲಿ ಶೇ 25 ಒಕ್ಕೂಟದ ಲೆಕ್ಕಕ್ಕೆ, ಶೇ 75 ರಾಜ್ಯದ ಲೆಕ್ಕಕ್ಕೆ ಎಂದಾಯಿತು. ಒಕ್ಕೂಟದ ಪಾಲಿನ ಒಂದು ಭಾಗ ನೇರವಾಗಿ ಗ್ರಾಹಕನ ತಿಂಗಳ ಬಿಲ್ಲಿಗೇ ಬಂತು. ಒಂದೂ ದೂರದ ಕರೆ ಮಾಡದ ಅಜ್ಜಿಗೂ ಆ ಸಾಲು ತಪ್ಪಲಿಲ್ಲ. ಎಫ್‌ಸಿಸಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಲಕರಣೆಯ ಸವಕಳಿಯನ್ನು ರಾಜ್ಯಗಳೂ ತನ್ನ ಸೂತ್ರದಂತೆಯೇ ಲೆಕ್ಕ ಹಾಕಬೇಕು ಎಂದಿತು. ಲೂಯಿಸಿಯಾನ ಆಯೋಗ ಹೂಡಿದ ಮೊಕದ್ದಮೆಯಲ್ಲಿ 1986ರಲ್ಲಿ ಸುಪ್ರೀಂ ಕೋರ್ಟು 2(ಬಿ) ಕಲಮನ್ನು ತೋರಿಸಿ ಆ ಆದೇಶವನ್ನು ತಡೆಯಿತು.

ಮೊಬೈಲಿನಲ್ಲಿ ತಂತಿಯೇ ಇಲ್ಲ, ಜಗಳವೂ ಕಡಿಮೆ. ಮೊಬೈಲಿನ ದರವನ್ನೂ ಮಾರುಕಟ್ಟೆ ಪ್ರವೇಶವನ್ನೂ ರಾಜ್ಯಗಳು ನಿಯಂತ್ರಿಸಬಾರದೆಂದು 1993ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸೇ ಕಾನೂನು ಮಾಡಿತು. ಉಳಿದ ಷರತ್ತುಗಳ ಮೇಲೆ ಮಾತ್ರ ರಾಜ್ಯದ ಕೈ ಉಳಿಯಿತು.

ಇನ್ನು ಬ್ರಾಡ್‌ಬ್ಯಾಂಡ್. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಓದಿಕೊಂಡವರೂ ಎಡವುವ ಜಾಗ ಇದು. ಇಂಟರ್ನೆಟ್ ಎಲ್ಲ ಗಡಿಗಳನ್ನೂ ದಾಟುತ್ತದೆ, ಹಾಗಾಗಿ ಅದರ ಮೇಲೆ ರಾಜ್ಯಗಳಿಗೆ ಅಧಿಕಾರವಿಲ್ಲ. ಎಫ್‌ಸಿಸಿ 'ನಿಯಂತ್ರಣ ಬೇಡ' ಎಂದರೆ ಅಲ್ಲಿಗೆ ಮುಗಿಯಿತು ಎಂಬುದು ಸಾಮಾನ್ಯ ನಂಬಿಕೆ. ನಡೆದದ್ದು ತಿರುಗುಮುರುಗು.

ಅಮೆರಿಕದ ಕಾಯ್ದೆಯಲ್ಲಿ ಎರಡು ಹಣೆಪಟ್ಟಿಗಳಿವೆ: 'ದೂರಸಂಪರ್ಕ ಸೇವೆ' ಮತ್ತು 'ಮಾಹಿತಿ ಸೇವೆ'. ಮೊದಲನೆಯದಾದರೆ ಎಫ್‌ಸಿಸಿಗೆ ಟೆಲಿಫೋನಿನ ಮೇಲಿರುವಂಥ ಪೂರ್ಣ ಅಧಿಕಾರ. ಎರಡನೆಯದಾದರೆ ಹೆಚ್ಚೇನೂ ಇಲ್ಲ. ಬ್ರಾಡ್‌ಬ್ಯಾಂಡ್ ಯಾವುದು? 2002ರಲ್ಲಿ ಎಫ್‌ಸಿಸಿ ಕೇಬಲ್ ಇಂಟರ್ನೆಟ್ಟನ್ನು ಮಾಹಿತಿ ಸೇವೆ ಎಂದಿತು, 2005ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. 2015ರಲ್ಲಿ ಎಫ್‌ಸಿಸಿ ಮಾತು ಬದಲಿಸಿ ದೂರಸಂಪರ್ಕ ಸೇವೆ ಎಂದು ಸಾರಿ, ನೆಟ್ ನ್ಯೂಟ್ರಾಲಿಟಿ ನಿಯಮ ತಂದಿತು. ಕಂಪನಿಗಳು ಒಂದು ಜಾಲತಾಣವನ್ನು ಓಡಿಸಿ ಇನ್ನೊಂದನ್ನು ಕುಂಟಿಸಬಾರದು ಎಂಬ ನಿಯಮ ಅದು. (ನಮ್ಮಲ್ಲಿ 2016ರಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್, ಕೆಲವೇ ಜಾಲತಾಣಗಳನ್ನು ಪುಕ್ಕಟೆ ಕೊಡುವ 'ಫ್ರೀ ಬೇಸಿಕ್ಸ್' ಬಗೆಯ ಯೋಜನೆಗಳಿಗೆ ತಡೆ ಹಾಕಿದ್ದು ಇದೇ ಜಾತಿಯ ಪ್ರಶ್ನೆ.) 2017ರಲ್ಲಿ ಸರ್ಕಾರ ಬದಲಾಗಿ, ಹಣೆಪಟ್ಟಿಯೂ ಮತ್ತೆ ಮಾಹಿತಿ ಸೇವೆ ಆಯಿತು. ಆಗ ಎಫ್‌ಸಿಸಿ ಜೊತೆಗೆ ಇನ್ನೊಂದು ಮಾತು ಸೇರಿಸಿತು: ರಾಜ್ಯಗಳೂ ಇಂಥ ನಿಯಮ ಮಾಡಕೂಡದು.

ಆ ಒಂದು ವಾಕ್ಯ ಉಳಿಯಲಿಲ್ಲ. ಮೊಜಿಲ್ಲಾ ಕಂಪನಿ ಹೂಡಿದ ಮೊಕದ್ದಮೆಯ 2019ರ ತೀರ್ಪಿನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಹಣೆಪಟ್ಟಿ ಬದಲಾವಣೆಯನ್ನು ಎತ್ತಿಹಿಡಿದು, ರಾಜ್ಯಗಳ ಮೇಲಿನ ನಿಷೇಧವನ್ನು ಕಿತ್ತುಹಾಕಿತು. ರಾಜ್ಯವನ್ನು ತಡೆಯುವ ಶಕ್ತಿ ಎಫ್‌ಸಿಸಿಗೆ ಸಿಗುವುದು ಅದರ ಸ್ವಂತ ನಿಯಂತ್ರಣಾಧಿಕಾರದಿಂದ. 'ಈ ಸೇವೆಯ ಮೇಲೆ ನನಗೆ ಅಧಿಕಾರವಿಲ್ಲ' ಎಂದು ತಾನೇ ಬರೆದುಕೊಟ್ಟ ಮೇಲೆ ಆ ಶಕ್ತಿ ಎಲ್ಲಿಂದ ಬರಬೇಕು? ಹೊಲದ ಹಕ್ಕು ಬಿಟ್ಟುಕೊಟ್ಟವನು ಬದುವಿನ ಮೇಲೆ ನಿಂತು ಬೇರೆಯವರು ಉಳಬಾರದು ಎಂದಂತಾಯಿತು. 'ಬೇಡ' ಎಂದು ಆಜ್ಞೆ ಮಾಡುವುದಕ್ಕೂ ಅಧಿಕಾರ ಬೇಕು ಎಂಬ ಈ ಅಂಶವನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಕ್ಯಾಲಿಫೋರ್ನಿಯಾ 2018ರಲ್ಲಿ ತನ್ನದೇ ನೆಟ್ ನ್ಯೂಟ್ರಾಲಿಟಿ ಕಾನೂನು ಮಾಡಿಕೊಂಡಿತ್ತು. 2022ರಲ್ಲಿ ಒಕ್ಕೂಟದ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಅದನ್ನು ತಡೆಯಲು ನಿರಾಕರಿಸಿತು. ನ್ಯೂಯಾರ್ಕ್ ಇನ್ನೂ ಧೈರ್ಯ ಮಾಡಿ ದರಕ್ಕೇ ಕೈಹಾಕಿತು. ಕಡಿಮೆ ಆದಾಯದ ಮನೆಗಳಿಗೆ ತಿಂಗಳಿಗೆ 15 ಡಾಲರಿಗೆ 25 ಎಂಬಿಪಿಎಸ್, ಇಲ್ಲವೇ 20 ಡಾಲರಿಗೆ 200 ಎಂಬಿಪಿಎಸ್ ಕೊಡಬೇಕೆಂಬ 2021ರ ಕಾನೂನು ಅದು. ಕಂಪನಿಗಳು ಕೋರ್ಟಿಗೆ ಹೋದವು. 2024ರ ಏಪ್ರಿಲಿನಲ್ಲಿ ಎರಡನೆಯ ವಲಯದ ಮೇಲ್ಮನವಿ ನ್ಯಾಯಾಲಯ ರಾಜ್ಯದ ಪರ ನಿಂತಿತು, ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿ ಕೇಳಲು ಒಪ್ಪಲಿಲ್ಲ, 2025ರ ಜನವರಿಯಲ್ಲಿ ಕಾನೂನು ಜಾರಿಗೆ ಬಂತು. ಎಟಿ ಅಂಡ್ ಟಿ ತನ್ನ 5ಜಿ ಮನೆ ಇಂಟರ್ನೆಟ್ ಸೇವೆಯನ್ನು ಆ ರಾಜ್ಯದಲ್ಲಿ ನಿಲ್ಲಿಸಿಬಿಟ್ಟಿತು. ರಾಜ್ಯದ ಬಲಕ್ಕೆ ಬೆಲೆಯೂ ಇದೆ. ಅದೇ ಜನವರಿಯಲ್ಲಿ ಆರನೆಯ ವಲಯದ ನ್ಯಾಯಾಲಯ, ಎಫ್‌ಸಿಸಿ 2024ರಲ್ಲಿ ಮತ್ತೆ ಅಂಟಿಸಿದ್ದ ದೂರಸಂಪರ್ಕದ ಹಣೆಪಟ್ಟಿಯನ್ನು ಹರಿದುಹಾಕಿತು. ಕಂಪನಿಗಳು ಸಂಭ್ರಮಿಸಿದವು. ನನ್ನ ಲೆಕ್ಕದಲ್ಲಿ ಅದು ಅರ್ಧ ಗೆಲುವು. ಒಕ್ಕೂಟದ ಒಂದು ನಿಯಮ ತಪ್ಪಿತು, ಆದರೆ ಐವತ್ತು ರಾಜ್ಯಗಳ ಬಾಗಿಲು ತೆರೆದೇ ಉಳಿಯಿತು.

ರಾಜ್ಯಗಳೆಲ್ಲ ಗ್ರಾಹಕನ ಕಡೆಗೇ ಇವೆ ಎಂದು ತಿಳಿಯಬೇಡಿ. ಟೆನೆಸಿಯ ಚಟನೂಗ ನಗರದ ಸ್ವಂತ ವಿದ್ಯುತ್ ಸಂಸ್ಥೆ ಮನೆಮನೆಗೆ ಫೈಬರ್ ಎಳೆದು ಹೆಸರು ಮಾಡಿತ್ತು. ಪಕ್ಕದ ಹಳ್ಳಿಗಳೂ ಕೇಳಿದವು, ರಾಜ್ಯದ ಕಾನೂನು ಅಡ್ಡ ಬಂತು. ಆ ಅಡ್ಡಿಯನ್ನು ತೆಗೆಯಲು ಎಫ್‌ಸಿಸಿ ಹೊರಟಾಗ, 2016ರಲ್ಲಿ ನ್ಯಾಯಾಲಯ ರಾಜ್ಯವನ್ನೇ ಗೆಲ್ಲಿಸಿತು. ಹಣದ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಬ್ಬರಿಗೊಬ್ಬರು ಬೇಕು: 2021ರ ಮೂಲಸೌಕರ್ಯ ಕಾಯ್ದೆಯ 42.45 ಬಿಲಿಯನ್ ಡಾಲರ್ ಬ್ರಾಡ್‌ಬ್ಯಾಂಡ್ ನಿಧಿ ವಾಷಿಂಗ್ಟನ್ನಿನದು, ಅದನ್ನು ಹಂಚುವ ಯೋಜನೆ ರಾಜ್ಯಗಳದು.

ಈಗ ನಮ್ಮ ಕಡೆ ತಿರುಗಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. 31ನೆಯ ನಮೂದು ಎಲ್ಲವನ್ನೂ ದೆಹಲಿಗೆ ಕೊಟ್ಟಿದೆ ಎಂದೆ. ಆದರೂ ಫೈಬರ್ ಹೂಳಲು ರಸ್ತೆ ಅಗೆಯಬೇಕಾದರೆ ಪಾಲಿಕೆಯದೋ ಪಂಚಾಯಿತಿಯದೋ ಒಪ್ಪಿಗೆ ಬೇಕು, ಮತ್ತು ಸ್ಥಳೀಯಾಡಳಿತ ರಾಜ್ಯ ಪಟ್ಟಿಯಲ್ಲಿದೆ. ಇಂಟರ್ನೆಟ್ ಸ್ಥಗಿತಗೊಳಿಸುವ ಆದೇಶವನ್ನು ರಾಜ್ಯದ ಗೃಹ ಕಾರ್ಯದರ್ಶಿಯೂ ಹೊರಡಿಸಬಹುದು. ಅಂದರೆ ದರವನ್ನು ಒಂದು ಪೈಸೆ ಇಳಿಸಲಾರದ ರಾಜ್ಯಕ್ಕೆ ಇಡೀ ಸೇವೆಯನ್ನೇ ನಿಲ್ಲಿಸುವ ಅಧಿಕಾರವಿದೆ. ಕಾನೂನು, ಅರ್ಥಶಾಸ್ತ್ರ, ಪತ್ರಿಕೋದ್ಯಮ ಓದುತ್ತಿರುವವರು 2023ರ ದೂರಸಂಪರ್ಕ ಕಾಯ್ದೆಯನ್ನೂ ಅದರಡಿಯ 2024ರ ಮಾರ್ಗಹಕ್ಕಿನ (ತಂತಿ ಎಳೆಯಲು ನೆಲ ಬಳಸುವ ಹಕ್ಕಿನ) ನಿಯಮಗಳನ್ನೂ ಎದುರಿಗಿಟ್ಟುಕೊಂಡು, ನಿಮ್ಮ ಊರಿನ ಪಾಲಿಕೆಯ ಕಡತಗಳನ್ನು ಮಾಹಿತಿ ಹಕ್ಕಿನಡಿ ಕೇಳಿ ತೆಗೆಸಿ, ಈ ಹಂಚಿಕೆ ನೆಲದ ಮೇಲೆ ಹೇಗೆ ನಡೆಯುತ್ತಿದೆ ಎಂದು ಕನ್ನಡದಲ್ಲಿ ಬರೆಯಿರಿ.