ಬಡಾವಣೆಯ ಸರ್ಕಾರಿ ಶಾಲೆಗೆ ಒಮ್ಮೆ ಹೋಗಿ ಬನ್ನಿ

“ಅಯ್ಯೋ, ಸರ್ಕಾರಿ ಶಾಲೆಗಾ? ಅಲ್ಲಿ ಪಾಠಾನೇ ಮಾಡಲ್ವಂತೆ!” ಬಡಾವಣೆಯಲ್ಲಿ ನಾಲ್ಕು ಜನ ಹೆಂಗಸರು ಸೇರಿದರೆ ಈ ಮಾತು ಬಂದೇ ಬರುತ್ತದೆ. ಹೀಗೆನ್ನುವವರಲ್ಲಿ ಎಷ್ಟು ಮಂದಿ ಆ ಶಾಲೆಯ ಗೇಟು ದಾಟಿದ್ದಾರೆ, ಹೇಳಿ? ಊರಂಚಿನ ಹೊಲಗಳೆಲ್ಲ ಸೈಟುಗಳಾದರೂ ಹಳೆಯ ಹಳ್ಳಿಯ ಶಾಲೆ ಅಲ್ಲೇ ಇದೆ. ನಮ್ಮ ಮಕ್ಕಳ ವ್ಯಾನು ಅದರ ಮುಂದೆಯೇ ಹಾದು ಪೇಟೆಯ ಕಾನ್ವೆಂಟಿಗೆ ಹೋಗುತ್ತದೆ.

ಪಾಠ ಸರಿಯಿಲ್ಲದ್ದಕ್ಕೆ ಮಕ್ಕಳು ಕಡಿಮೆಯಾದರು ಎನ್ನುತ್ತೇವೆ. ಅದು ಅರ್ಧ ನಿಜ. ಮಕ್ಕಳು ಕಡಿಮೆಯಾದರೂ ಪಾಠ ಕೆಡುತ್ತದೆ. ಹೇಗಂತೀರಾ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ ನೋಡಿ. ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ರ ತನಕ ಮೂವರು. 64 ಮಕ್ಕಳಿದ್ದ ಶಾಲೆಯಿಂದ ನಾಲ್ಕೇ ಮಕ್ಕಳು ಬಿಟ್ಟರೂ ಈ ಲೆಕ್ಕದಲ್ಲಿ ಒಬ್ಬ ಶಿಕ್ಷಕರು ‘ಹೆಚ್ಚುವರಿ’. ಉಳಿದ ಇಬ್ಬರು ಐದು ತರಗತಿ ನೋಡಿಕೊಳ್ಳಬೇಕು; ಒಬ್ಬರು ಮೀಟಿಂಗಿಗೆ ಹೋದರೆ ಮುಗಿದೇ ಹೋಯಿತು. ಅದನ್ನು ಕಂಡು ಇನ್ನೂ ನಾಲ್ಕು ಜನ ಟಿ.ಸಿ. ಕೇಳುತ್ತಾರೆ. ಕೊನೆಗೆ ಅಲ್ಲಿ ಉಳಿಯುವುದು ಯಾರ ಮಕ್ಕಳು? ನಿಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ಮಗಳು. ಅವಳಿಗೆ ಬೇರೆ ಶಾಲೆ ಎಲ್ಲಿದೆ?

ಒಂದು, ಎರಡು, ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸಿದ್ದನ್ನು ನೋಡಿ ‘ದೊಡ್ಡಿ ಥರಾ ಇದೆ’ ಅನ್ನಬೇಡಿ. ಅದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ. ಮಗು ಕಾರ್ಡುಗಳ ಮೆಟ್ಟಿಲು ಹಿಡಿದು ತನ್ನ ವೇಗದಲ್ಲೇ ಕಲಿಯುತ್ತದೆ. ಮೇಷ್ಟ್ರು ಮನಸ್ಸಿಟ್ಟರೆ ಸೊಗಸಾಗಿ ನಡೆಯುತ್ತದೆ. ಇಲ್ಲದಿದ್ದರೆ ಬರೀ ಗದ್ದಲ, ಅದೂ ನಿಜವೇ. ಇನ್ನು ಇಂಗ್ಲಿಷಿನ ಚಿಂತೆ. 2007ರಿಂದಲೇ ಒಂದನೇ ತರಗತಿಯಲ್ಲಿ ಇಂಗ್ಲಿಷ್ ಒಂದು ವಿಷಯವಾಗಿದೆ. 2019ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ. ನಿಮ್ಮ ಶಾಲೆಯಲ್ಲಿ ಇದೆಯೋ ಇಲ್ಲವೋ ಕೇಳಿ ನೋಡಿ.

ಮಗುವನ್ನು ಕಣ್ಣುಮುಚ್ಚಿ ಸೇರಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಸೀರೆ ಕೊಳ್ಳುವಾಗಲೂ ಸೆರಗು ಬಿಡಿಸಿ ನೋಡುತ್ತೇವಲ್ಲ! ಸೇರಿಸಿದ ಮೇಲೆ ಸುಮ್ಮನೆ ಕೂರಬೇಡಿ. ಶಾಲಾಭಿವೃದ್ಧಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಎಷ್ಟೋ ಕಡೆ ಹೆಸರು ಹೆಂಡತಿಯದು, ಸಭೆಗೆ ಹೋಗುವವನು ಗಂಡ! ಸಭೆಗೆ ನೀವೇ ಹೋಗಿ. ಶೌಚಾಲಯಕ್ಕೆ ನೀರಿಲ್ಲ, ಶಿಕ್ಷಕರ ಜಾಗ ಖಾಲಿ ಬಿದ್ದಿದೆ ಎನ್ನುವುದನ್ನು ಅಲ್ಲಿ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸಲು ಹೇಳಿ.

ಶಾಲೆ ನೋಡಲು ಹೋಗುವುದಾದರೆ ದಾಖಲಾತಿಯ ಗಡಿಬಿಡಿಯ ದಿನ ಬೇಡ, ಮಾಮೂಲಿ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಹೋಗಿ. ಮುಖ್ಯೋಪಾಧ್ಯಾಯರ ಅಪ್ಪಣೆ ಕೇಳಿ ಮೂರನೇ ತರಗತಿಯ ಒಂದು ಮಗುವಿನ ಕೈಯಲ್ಲಿ ಪುಸ್ತಕ ಓದಿಸಿ, ಒಂದು ದಶಕದ ಕಳೆಯುವ ಲೆಕ್ಕ ಮಾಡಿಸಿ. ಬಿಸಿಯೂಟದ ತನಕ ಇದ್ದರೆ ಸಾರಿನ ರುಚಿಯನ್ನೂ ನೋಡಬಹುದು.