ಮಾತನಾಡುವ ಗಣಕಕ್ಕೆ ನೆನಪಿನ ಗೂಡುಗಳು

ಪರಿಚಯದ ಅಂಗಡಿಯವನೊಡನೆ ನಾವು ನಡೆಸುವ ಸಂಭಾಷಣೆಯಲ್ಲಿ ಅರ್ಧದಷ್ಟು ಮಾತು ಆಡದೆಯೇ ಉಳಿದಿರುತ್ತದೆ. “ಅದು ಇನ್ನೂ ಬಂದಿಲ್ಲವೇ?” ಎಂದರೆ ಸಾಕು, ಯಾವುದು, ಯಾರಿಗಾಗಿ ಎಂಬುದನ್ನು ಆತನು ಬಲ್ಲನು. ಗ್ರಾಹಕರಿಗೆ ಉತ್ತರ ಕೊಡಲು ಗಣಕದಲ್ಲಿ ನಿಯೋಜಿಸುವ ಚಾಟ್‌ಬಾಟಿಗೆ ಈ ಅನುಕೂಲ ತಾನಾಗಿಯೇ ಒದಗಿಬಾರದು. ಅಂತರಜಾಲದ ಮೂಲ ಏರ್ಪಾಡಿನಲ್ಲಿ ಪ್ರತಿಯೊಂದು ಕೋರಿಕೆಯೂ ಹಿಂದಿನದರ ನಂಟಿಲ್ಲದೆ ಬರುತ್ತದೆ. ಆದ್ದರಿಂದ ನೆನಪನ್ನು ಬೇರೆಯಾಗಿಯೇ ಕಟ್ಟಿಕೊಡಬೇಕು. ಅದರ ಸಾಧನವೇ ಸಂದರ್ಭ-ಚರ.

ಬೀಜಗಣಿತದಲ್ಲಿ ಬೆಲೆ ಬದಲಾಗಬಲ್ಲ ರಾಶಿಗೆ ಒಂದು ಅಕ್ಷರವನ್ನು ಹೆಸರಾಗಿ ಕೊಡುತ್ತೇವಷ್ಟೆ. ಇಲ್ಲಿಯೂ ಅದೇ ಉಪಾಯ. ‘ಗ್ರಾಹಕರ ಹೆಸರು’, ‘ಆರ್ಡರ್ ಸಂಖ್ಯೆ’, ‘ಭಾಷೆ’ ಎಂಬ ಗೂಡುಗಳನ್ನು ಚಾಟ್‌ಬಾಟನ್ನು ಅಣಿಗೊಳಿಸುವವರು ಮೊದಲೇ ಮಾಡಿಡುತ್ತಾರೆ. ಕೆಲವು ಸಂಸ್ಥೆಯ ದಾಖಲೆಗಳಿಂದ ತುಂಬುತ್ತವೆ, ಉಳಿದವು ಗ್ರಾಹಕರ ಮಾತಿನಿಂದ.

ಯಾವ ಗೂಡುಗಳು ಬೇಕೆಂದು ನಿರ್ಧರಿಸುವುದು ಸುಲಭವಲ್ಲ. 1977ರಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಡೇನಿಯಲ್ ಬಾಬ್ರೋ ಮತ್ತು ಸಂಗಡಿಗರು ‘ಗಸ್’ ಎಂಬ ಸಂಭಾಷಣಾ ವ್ಯವಸ್ಥೆಯನ್ನು ಪ್ರಕಟಿಸಿದರು. ವಿಮಾನಪ್ರಯಾಣವನ್ನು ಗೊತ್ತುಮಾಡುವುದು ಅದರ ಕೆಲಸ. ಅವರು ಕೊಟ್ಟ ಉದಾಹರಣೆಯಲ್ಲಿ, ಎಷ್ಟು ಹೊತ್ತಿಗೆ ಹೊರಡುವಿರೆಂದು ಗಸ್ ಕೇಳಿದರೆ, ಬೆಳಗಿನ 10 ಗಂಟೆಯೊಳಗೆ ಸ್ಯಾನ್ ಡಿಯಾಗೊದಲ್ಲಿರಬೇಕೆಂದು ಪ್ರಯಾಣಿಕನು ಉತ್ತರಿಸುತ್ತಾನೆ. ಕೇಳಿದ್ದು ಹೊರಡುವ ಹೊತ್ತು. ದೊರೆತದ್ದು ತಲಪುವ ಹೊತ್ತು! ಗಸ್ ಎಡವಲಿಲ್ಲ, ತಲಪುವ ಹೊತ್ತಿಗೂ ಅದರಲ್ಲಿ ಎಡೆಯಿತ್ತು. ಇಲ್ಲದಿದ್ದರೆ ಪಾಪ, ಪ್ರಯಾಣಿಕನು ಹತ್ತಕ್ಕೆ ಹೊರಡಬೇಕಾಗುತ್ತಿತ್ತು.

ತುಂಬುವುದಕ್ಕಿಂತ ಬರಿದುಮಾಡುವುದರಲ್ಲಿ ಹೆಚ್ಚಿನ ಎಚ್ಚರ ಬೇಕೆಂದು ನನ್ನ ಎಣಿಕೆ. ಒಂದು ಆರ್ಡರನ್ನು ವಿಚಾರಿಸಿದ ಗ್ರಾಹಕರು ಆಮೇಲೆ ಇನ್ನೊಂದನ್ನು ರದ್ದುಗೊಳಿಸಲು ಹೇಳಿದರೆನ್ನಿ. ಗೂಡಿನಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದರೆ, ಬೇಕಾದ ವಸ್ತು ರದ್ದಾಗಿ ಬೇಡವಾದದ್ದು ಮನೆಗೆ ಬರುತ್ತದೆ. ಭಾಷೆಯ ಆಯ್ಕೆ ವರ್ಷಗಟ್ಟಲೆ ಉಳಿಯಬಹುದು. ಆರ್ಡರ್ ಸಂಖ್ಯೆ ಆ ವಿಷಯ ಮುಗಿದೊಡನೆ ಅಳಿಯಬೇಕು. ಬ್ಯಾಂಕಿನ ಗುಪ್ತಸಂಖ್ಯೆಗಂತೂ ಗೂಡನ್ನೇ ಕಟ್ಟಬಾರದು. ಬರಿಯ ಗೂಡೂ ಸೊನ್ನೆಯೂ ಒಂದೇ ಅಲ್ಲವೆಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಳೆಯದಿರುವ ಉಷ್ಣತೆ ಸೊನ್ನೆ ಡಿಗ್ರಿಯಲ್ಲ. ವಿಚಾರಿಸದ ಬಾಕಿಯೂ ಸೊನ್ನೆ ರೂಪಾಯಿಯಲ್ಲ.

ಈಗಿನ ಬೃಹತ್ ಭಾಷಾ ಮಾದರಿಗಳನ್ನು ಬಳಸುವ ಚಾಟ್‌ಬಾಟುಗಳಲ್ಲಿ, ಪ್ರತಿ ಉತ್ತರಕ್ಕೆ ಮುನ್ನ ಅದುವರೆಗಿನ ಮಾತುಕತೆಯನ್ನು ಮಾದರಿಗೆ ಮರಳಿ ಒಪ್ಪಿಸುವುದು ವಾಡಿಕೆ. ಹೀಗಿದ್ದರೂ ಗೂಡುಗಳು ಬೇಡವಾಗಿಲ್ಲ. ದೀರ್ಘ ಸಂಭಾಷಣೆಯ ನಡುವೆ ಎರಡು ಸಂಖ್ಯೆಗಳು ಬಂದಿದ್ದರೆ, ಹಣ ಹಿಂದಿರುಗಿಸಬೇಕಾದದ್ದು ಯಾವುದಕ್ಕೆ ಎಂಬುದನ್ನು ಮಾದರಿಯ ಊಹೆಗೆ ಬಿಡದೆ, ಹೆಸರಿಟ್ಟ ಗೂಡಿನಿಂದಲೇ ತೆಗೆದುಕೊಳ್ಳುವಂತೆ ಏರ್ಪಡಿಸಬಹುದು.