ಚೆಂಡು ತಾರದ ನಾಯಿ

ಎಸೆದ ಚೆಂಡನ್ನು ನಾಯಿ ತಂದುಕೊಡುವುದು ನೋಡುವವರಿಗೆ ಒಂದೇ ಆಟ; ನಾಯಿಯ ಪಾಲಿಗೆ ಐದು ಕೆಲಸ. ಹಾರಿದ ವಸ್ತುವಿನ ಮೇಲೆ ಕಣ್ಣಿಡಬೇಕು, ಬೆನ್ನಟ್ಟಬೇಕು, ಬಾಯಲ್ಲಿ ಹಿಡಿಯಬೇಕು, ಹಿಡಿದದ್ದನ್ನು ಹೊತ್ತು ತಿರುಗಿ ಬರಬೇಕು, ಕೊನೆಗೆ ಬಿಟ್ಟುಕೊಡಬೇಕು. ಮೊದಲ ಮೂರು ಬೇಟೆಯ ಹುಟ್ಟುಗುಣ. ಸಿಕ್ಕಿದ್ದನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಮಾತ್ರ ಬೇಟೆಗಾರ ಪ್ರಾಣಿಗೆ ಸುಲಭಕ್ಕೆ ಒಗ್ಗುವುದಿಲ್ಲ. ‘ನಮ್ಮ ನಾಯಿಗೆ ಆಡಾಕ ಬರಂಗಿಲ್ಲ’ ಎನ್ನುವವರ ನಾಯಿ ಸಾಮಾನ್ಯವಾಗಿ ಈ ಐದರಲ್ಲಿ ಯಾವುದೋ ಒಂದರ ಬಳಿ ನಿಂತುಬಿಟ್ಟಿರುತ್ತದೆ. ಅದು ಯಾವುದೆಂದು ಮೊದಲು ಗುರುತಿಸಬೇಕು.

ತಳಿಯಿಂದ ತಳಿಗೆ ಈ ಗುಣ ಬಹಳ ಬದಲಾಗುತ್ತದೆ. ಗೋಲ್ಡನ್ ರಿಟ್ರೀವರ್ ತಳಿಯ ಬುನಾದಿ ಬಿದ್ದದ್ದು 1868ರಲ್ಲಿ. ಮುಂದೆ ಲಾರ್ಡ್ ಟ್ವೀಡ್‌ಮೌತ್ ಎನಿಸಿಕೊಂಡ ಭೂಮಾಲೀಕರೊಬ್ಬರು ಸ್ಕಾಟ್ಲೆಂಡಿನ ತಮ್ಮ ಎಸ್ಟೇಟಿನಲ್ಲಿ ನೌಸ್ ಎಂಬ ಹಳದಿ ಗಂಡು ನಾಯಿಯನ್ನೂ ಬೆಲ್ ಎಂಬ ಸ್ಪ್ಯಾನಿಯಲ್ ಹೆಣ್ಣನ್ನೂ ಕೂಡಿಸಿದರು. ಗುಂಡೇಟಿಗೆ ಬಿದ್ದ ಹಕ್ಕಿಯನ್ನು ನೀರಿನಿಂದ, ಪೊದೆಯಿಂದ ಹೊತ್ತು ತರುವ ನಾಯಿ ಅವರಿಗೆ ಬೇಕಿತ್ತು. ಅಂಥ ಸಾಕಣೆಗಾರರು ಹಕ್ಕಿಗೆ ಹಲ್ಲು ನಾಟದಂತೆ ಹಿಡಿಯುವ ಮೆತ್ತನೆ ಬಾಯಿಯ ನಾಯಿಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಬಂದರು. ಲ್ಯಾಬ್ರಡಾರ್ ಕೂಡ ಇದೇ ಕಸುಬಿನದು. ಇವುಗಳ ಮರಿ ಚಪ್ಪಲಿ ಕಚ್ಚಿಕೊಂಡು ಮನೆಯೆಲ್ಲ ತಿರುಗುವುದು ತುಂಟತನಕ್ಕಿಂತ ಹೆಚ್ಚಾಗಿ ವಂಶದ ಗುಣ.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಜಾಯಮಾನ ಬೇರೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಈ ತಳಿ ಮೂಗಿಗಿಂತ ಕಣ್ಣನ್ನು ನಂಬುವ ಬೇಟೆನಾಯಿ. ಬಯಲಿನಲ್ಲಿ ಮೊಲ ಎದ್ದರೆ ಅಟ್ಟಿಸಿ ಹಿಡಿಯುವುದಷ್ಟೇ ಅದರ ಕೆಲಸ. ಹಿಡಿದಲ್ಲಿಗೆ ಬೇಟೆಗಾರನೇ ನಡೆದು ಹೋಗುತ್ತಿದ್ದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಬೇಟೆ ಅಪರಾಧವಾಯಿತು, ನಾಯಿಯ ರಕ್ತ ಬದಲಾಗಲಿಲ್ಲ. ಚೆಂಡಿನ ಹಿಂದೆ ಬಾಣದಂತೆ ಹೋದ ಮುಧೋಳ, ಚೆಂಡು ನಿಂತ ಕೂಡಲೇ ಆಸಕ್ತಿ ಕಳೆದುಕೊಂಡು ಆಚೆ ನೋಡುತ್ತದೆ. ಅದಕ್ಕೆ ದಡ್ಡತನದ ಪಟ್ಟ ಕಟ್ಟುವುದು ಅನ್ಯಾಯ. ಸೇನೆಯ ಮೀರತ್ ಕೇಂದ್ರ ಇದೇ ತಳಿಯನ್ನು ತರಬೇತಿಗೆ ತೆಗೆದುಕೊಂಡಿದೆ.

ಹಾಗೆಂದು ಎಲ್ಲವನ್ನೂ ತಳಿಯ ತಲೆಗೇ ಕಟ್ಟುವಂತಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಸಂಶೋಧಕರು ಎಂಟು ವಾರದ 13 ತೋಳದ ಮರಿಗಳ ಮುಂದೆ ಚೆಂಡು ಎಸೆದು ನೋಡಿದರು. ಮೂರು ಮರಿಗಳು ಅಪರಿಚಿತ ವ್ಯಕ್ತಿಯ ಕರೆಗೆ ಓಗೊಟ್ಟು ಚೆಂಡನ್ನು ತಂದವು. 2020ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ, ತಂದುಕೊಡುವ ಗುಣದ ಬೀಜ ನಾಯಿ ಮನುಷ್ಯನ ಮನೆ ಸೇರುವ ಮೊದಲೇ ಕೆಲವು ಪ್ರಾಣಿಗಳಲ್ಲಿ ಇದ್ದಿರಬಹುದು ಎಂಬ ಊಹೆಗೆ ಬಲ ಬಂತು.

ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲೊನಿಯಾಗಿ ಬೆಳೆದ ಭೀಮರಾಯನಗುಡಿಯಂಥ ಊರಿನಲ್ಲಿ ಹೆಚ್ಚು ಕಾಣುವುದು ಬೀದಿಯಿಂದ ಮನೆ ಸೇರಿದ ನಾಯಿ. ಅದರ ಹಿಂಜರಿಕೆಗೆ ಕಾರಣ ಇನ್ನೊಂದೇ. ಬೀದಿಯಲ್ಲಿ ಬೆಳೆದ ನಾಯಿಗೆ ಮನುಷ್ಯ ಬಗ್ಗಿ ನೆಲಕ್ಕೆ ಕೈ ಹಾಕಿದರೆ ಕಲ್ಲು, ಕೈ ಮೇಲೆತ್ತಿದರೆ ಏಟು. ಚೆಂಡೆಸೆಯಲು ತೋಳು ಬೀಸಿದೊಡನೆ ಅದು ಕಿವಿ ಹಿಂದಕ್ಕೆ ಹಾಕಿ, ಬಾಲ ಮುದುರಿ, ಕಟ್ಟೆಯ ಕೆಳಗೆ ನುಸುಳುತ್ತದೆ. ಇಂಥ ನಾಯಿಯ ಎದುರು ಎಸೆಯಲೇಬಾರದು. ನೆಲದ ಮೇಲೆ ಕುಳಿತು, ಕೈಯನ್ನು ಮೊಣಕಾಲಿನಿಂದ ಮೇಲೆತ್ತದೆ, ಚೆಂಡನ್ನು ಪಕ್ಕಕ್ಕೆ ಉರುಳಿಸಬೇಕು. ನಾಯಿ ಬಂದು ಮೂಸಿದರೂ ಆ ದಿನಕ್ಕೆ ಸಾಕು. ಮೊದಲು ಚೆನ್ನಾಗಿ ಆಡುತ್ತಿದ್ದ ನಾಯಿ ಹಠಾತ್ತನೆ ನಿಲ್ಲಿಸಿದರೆ ಮಾತ್ರ ಕಾರಣವನ್ನು ಮೈಯಲ್ಲಿ ಹುಡುಕಬೇಕು: ಹಲ್ಲುನೋವು, ಕೀಲುನೋವು, ಪಾದದಲ್ಲಿ ಮುರಿದ ಮುಳ್ಳು. ಹಲ್ಲು ಬದಲಾಗುವ ನಾಲ್ಕರಿಂದ ಆರು ತಿಂಗಳ ಮರಿಗೆ ಗಟ್ಟಿ ವಸ್ತು ಕಚ್ಚುವುದೇ ಹಿಂಸೆ.

ಕಲಿಸುವಾಗ ಕೊನೆಯ ಕೆಲಸದಿಂದ ಹಿಂದಕ್ಕೆ ಬರುವುದು ಒಳ್ಳೆಯದು. ಎಸೆಯುವ ಮೊದಲು ಬಿಡುವುದನ್ನು ಕಲಿಸಬೇಕು. ಹಳೆಯ ಕಾಲುಚೀಲವನ್ನು ಗಂಟು ಹಾಕಿ ನಾಯಿಯ ಬಾಯಿಗೆ ಕೊಟ್ಟು, ಅದರ ಮೂಗಿನ ಮುಂದೆ ಬೇಯಿಸಿದ ಕೋಳಿಯ ಚೂರು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ. ಆ ಗಳಿಗೆಗೆ ಸರಿಯಾಗಿ ‘ಬಿಡು’ ಎನ್ನಬೇಕು, ಚೂರು ಕೊಡಬೇಕು, ಕಾಲುಚೀಲವನ್ನೂ ಮರಳಿ ಕೊಡಬೇಕು. ಬಿಟ್ಟರೆ ಕಳೆದುಕೊಳ್ಳುವುದಿಲ್ಲ, ಎರಡೂ ಸಿಗುತ್ತವೆ ಎಂಬುದು ನಾಯಿಗೆ ಮನದಟ್ಟಾಗಬೇಕು. ಬಾಯಿಂದ ಕಿತ್ತುಕೊಳ್ಳುವ ಮನೆಗಳಲ್ಲಿ ನಾಯಿ ಚೆಂಡು ಕಚ್ಚಿ ಮಂಚದ ಕೆಳಗೆ ಸೇರುವುದು ಸಹಜ. ತಿನಿಸಿಗೆ ಮೊಟ್ಟೆ, ರೊಟ್ಟಿಯ ಚೂರು ಆದೀತು. ಉಳ್ಳಾಗಡ್ಡಿ ಬಿದ್ದ ಪಲ್ಯ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ.

ಬಿಡುವುದು ಬಂದ ಮೇಲೆ ಎರಡು ಹೆಜ್ಜೆಯಾಚೆ ಉರುಳಿಸಬೇಕು. ಎರಡೂ ಕಡೆ ಗೋಡೆಯಿರುವ ಮನೆಯ ಪಡಸಾಲೆ ಇದಕ್ಕೆ ಮೈದಾನಕ್ಕಿಂತ ಮೇಲು, ಹಿಂದಿರುಗಲು ಇರುವುದು ಒಂದೇ ದಾರಿ. ಚೆಂಡು ಕಚ್ಚಿದ ನಾಯಿಯ ಹಿಂದೆ ಓಡುವುದು ಎಲ್ಲರೂ ಮಾಡುವ ತಪ್ಪು. ಆಗ ಆಟವೇ ತಿರುವುಮುರುವಾಗಿ, ಅಟ್ಟಿಸಿಕೊಳ್ಳುವುದರಲ್ಲೇ ನಾಯಿಗೆ ಮಜಾ ಸಿಗುತ್ತದೆ. ಬದಲಿಗೆ ಹೆಸರು ಕೂಗಿ ತಾವೇ ವಿರುದ್ಧ ದಿಕ್ಕಿಗೆ ನಾಲ್ಕು ಹೆಜ್ಜೆ ಓಡಿದರೆ ಅದು ಬೆನ್ನು ಹತ್ತಿ ಬರುತ್ತದೆ. ಒಂದೇ ಬಗೆಯ ಎರಡು ಚೆಂಡು ಇಟ್ಟುಕೊಳ್ಳುವ ಉಪಾಯವೂ ಉಂಟು: ಮೊದಲನೆಯದನ್ನು ಹಿಡಿದು ನಿಂತ ನಾಯಿಗೆ ಎರಡನೆಯದನ್ನು ಆಡಿಸಿ ತೋರಿಸಿದರೆ, ಕೈಯಲ್ಲಿರುವುದೇ ಹೆಚ್ಚೆಂದು ಬಗೆದು ಬರುತ್ತದೆ.

ಕೆಂಪು ಚೆಂಡು ಮನುಷ್ಯರಿಗೆ ಎದ್ದು ಕಾಣುತ್ತದೆ, ಹುಲ್ಲಿನಲ್ಲಿ ನಾಯಿಗೆ ಮಂಕಾಗುತ್ತದೆ. ನೀಲಿ, ಹಳದಿ ಅದಕ್ಕೆ ಸ್ಪಷ್ಟ. ಚೆಂಡು ಗಂಟಲಿಗೆ ಇಳಿಯದಷ್ಟು ದೊಡ್ಡದಿರಬೇಕು. ಟೆನಿಸ್ ಚೆಂಡಿನ ನೂಲು ಮಣ್ಣು ಮೆತ್ತಿಕೊಂಡು ದಿನದಿನಕ್ಕೆ ಹಲ್ಲು ಸವೆಸುತ್ತದೆ. ಕಟ್ಟಿಗೆ ಗಂಟಲಿಗೆ ಚುಚ್ಚೀತು, ಕಲ್ಲಂತೂ ಬೇಡವೇ ಬೇಡ.

ಶಹಾಪುರ, ಸುರಪುರದ ಕಡೆ ಜಾಗ, ಹೊತ್ತು ಎರಡನ್ನೂ ನೋಡಿ ಆಡಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಯಿಗೆ ಮೈಯೆಲ್ಲ ಬೆವರುವ ಶಕ್ತಿಯಿಲ್ಲ, ನಾಲಿಗೆ ಚಾಚಿ ತೇಕಿಯೇ ಮೈ ತಣಿಸಿಕೊಳ್ಳಬೇಕು. ಸದಾ 38ರಿಂದ 39 ಡಿಗ್ರಿಯಷ್ಟಿರುವ ಅದರ ಮೈಬಿಸಿ 41 ದಾಟಿದರೆ ಜೀವಕ್ಕೇ ಅಪಾಯ. ಚೆಂಡಿನ ಹುಚ್ಚು ಹತ್ತಿದ ನಾಯಿ ತಾನಾಗಿ ನಿಲ್ಲಿಸದು, ನಿಲ್ಲಿಸಬೇಕಾದವರು ಎಸೆಯುವವರು. ಬೇಸಿಗೆಯಲ್ಲಿ ಸೂರ್ಯ ಏರುವ ಮುಂಚಿನ ಹೊತ್ತೇ ಸರಿ. ಸಂಜೆ ಹೊತ್ತು ಮುಳುಗಿದ ಮೇಲೂ ಡಾಂಬರು ಸುಡುತ್ತಿರುತ್ತದೆ. ಬಳ್ಳಾರಿ ಜಾಲಿ ಬೆಳೆದ ಖಾಲಿ ಜಾಗದಲ್ಲಿ ಎಸೆದರೆ ಚೆಂಡಿನ ಬದಲು ಮುಳ್ಳು ಬರುತ್ತದೆ. ಮಳೆ ಬಿದ್ದ ಎರೆ ಹೊಲದ ಮಣ್ಣು ಬೆರಳ ಸಂದಿಯಲ್ಲಿ ಗಟ್ಟಿ ಉಂಡೆಯಾಗುತ್ತದೆ. ಕಾಲುವೆಯ ದಂಡೆಯಲ್ಲಂತೂ ಈ ಆಟ ಕೂಡದು: ಸಿಮೆಂಟಿನ ಇಳಿಜಾರು, ಪಾಚಿ, ಸೆಳೆತ ಮೂರೂ ಸೇರಿ ಒಳಗೆ ಬಿದ್ದ ನಾಯಿಯನ್ನು ಮೇಲೆ ಹತ್ತಗೊಡುವುದಿಲ್ಲ, ಬಿಡಿಸಲು ಇಳಿದವರಿಗೂ ಅದೇ ಗತಿ.

ವಾರಗಟ್ಟಲೆ ಹೀಗೆ ಆಡಿಸಿದರೂ ಬೇಡವೆನ್ನುವ ನಾಯಿಗಳುಂಟು. ಮುಧೋಳದಂಥ ಓಟದ ನಾಯಿಗೆ ಉದ್ದನೆಯ ಗಳದ ತುದಿಗೆ ಹಗ್ಗ, ಹಗ್ಗದ ತುದಿಗೆ ಚಿಂದಿ ಬಟ್ಟೆ ಕಟ್ಟಿ ನೆಲದ ಮೇಲೆ ಸರಸರನೆ ಎಳೆದಾಡಿಸಿದರೆ ಬೆನ್ನಟ್ಟುವ ಹಸಿವು ತೀರುತ್ತದೆ. ವರ್ಷ ತುಂಬದ ಮರಿಗೆ ಜಿಗಿತ, ಥಟ್ಟನೆ ತಿರುಗುವ ಓಟ ಬೇಡ. ಮೂಳೆಯ ತುದಿ ಇನ್ನೂ ಬಲಿತಿರುವುದಿಲ್ಲ. ಐದು ನಿಮಿಷ ಓಡಿಸಿ, ಕೊನೆಯ ಸಲ ಬಟ್ಟೆ ಹಿಡಿಯಲು ಬಿಟ್ಟು, ತಿನಿಸು ಕೊಟ್ಟು ಬಿಡಿಸಿಕೊಂಡು, ಗಳವನ್ನು ನಾಯಿಗೆ ಸಿಗದ ಕಡೆ ಎತ್ತಿಡಬೇಕು.